ಒಂಟಿತನಕ್ಕೂ ಒಂದು ಪಂಚಾಂಗ ಇದೆ: ನಿಮ್ಮ ಕಷ್ಟದ ತಿಂಗಳು ಯಾವುದು?

ತುಂಗಾತೀರ, ಬೆಂಗಳೂರು

ಹಬ್ಬ ಹತ್ತಿರ ಬಂದ ಕೂಡಲೇ ‘ಹಬ್ಬದ ದಿನ ಒಬ್ಬರೇ ಇದ್ದೀರಾ?’ ಅನ್ನುವ ಲೇಖನಗಳು ಶುರುವಾಗುತ್ತವೆ. ನನಗೆ ಹಬ್ಬದ ದಿನ ಅಷ್ಟು ಕಷ್ಟ ಆಗುವುದಿಲ್ಲ. ಊರಿಗೆ ಹೋಗಿರುತ್ತೇನೆ, ಇಲ್ಲವೇ ಯಾರೋ ಊಟಕ್ಕೆ ಕರೆದಿರುತ್ತಾರೆ. ಕಷ್ಟ ಶುರುವಾಗುವುದು ಹಬ್ಬ ಮುಗಿದ ಮರುವಾರ. ದೀಪಾವಳಿಯಿಂದ ಡಿಸೆಂಬರ್ ಕೊನೆಯ ತನಕ ಯಾರೂ ಕರೆಯುವುದಿಲ್ಲ, ನಾನೂ ಯಾರನ್ನೂ ಕರೆಯುವುದಿಲ್ಲ. ಹಾಗೆಯೇ ಮೇ ತಿಂಗಳು. ಆಫೀಸಿನ ಸಂಸಾರಸ್ಥರೆಲ್ಲ ಮಕ್ಕಳ ರಜೆ ಅಂತ ಊರು ಬಿಟ್ಟಿರುತ್ತಾರೆ.

ಇದು ನನ್ನೊಬ್ಬನ ಗೋಳು ಅಲ್ಲ ಅಂತ ಗೊತ್ತು. ವಿಶ್ವ ಆರೋಗ್ಯ ಸಂಸ್ಥೆ 2025ರ ಜೂನ್‌ನಲ್ಲಿ ಕೊಟ್ಟ ವರದಿ ಪ್ರಕಾರ ಪ್ರಪಂಚದಲ್ಲಿ ಆರರಲ್ಲಿ ಒಬ್ಬರಿಗೆ ಒಂಟಿತನ ಕಾಡುತ್ತಿದೆ. ವರ್ಷಕ್ಕೆ ಸುಮಾರು 8.71 ಲಕ್ಷ ಸಾವುಗಳಿಗೆ ಅದರ ನಂಟು ಇದೆಯಂತೆ. ಬ್ರಿಟನ್ 2018ರಲ್ಲಿ, ಜಪಾನ್ 2021ರಲ್ಲಿ ಇದಕ್ಕೆಂದೇ ಒಬ್ಬ ಮಂತ್ರಿಗೆ ಹೊಣೆ ವಹಿಸಿದವು.

ನನ್ನ ಪ್ರಶ್ನೆ ಎರಡು. ವರ್ಷದಲ್ಲಿ ನಿಮಗೆ ಯಾವ ಹೊತ್ತು ಜಾಸ್ತಿ ಕಷ್ಟ? ಮತ್ತೆ, ನಿಜವಾಗಿ ಕೆಲಸಕ್ಕೆ ಬಂದದ್ದು ಏನು? ‘ಹೊರಗೆ ಹೋಗಿ, ನಾಲ್ಕು ಜನರ ಜೊತೆ ಬೆರೆಯಿರಿ’ ಅನ್ನುವ ಸಲಹೆ ದಯವಿಟ್ಟು ಬೇಡ. ಆ ನಾಲ್ಕು ಜನ ಎಲ್ಲಿದ್ದಾರೆ ಅನ್ನುವುದೇ ಸಮಸ್ಯೆ.

ಪಿಜಿ ಹುಡುಗ

ತಿಂಗಳಲ್ಲ ಅಣ್ಣ, ನನಗೆ ಭಾನುವಾರ. ರಾಯಚೂರಿನವನು, ಬೆಂಗಳೂರಿನಲ್ಲಿ ಕೆಲಸ. ನಮ್ಮ ಪಿಜಿಯಲ್ಲಿ ಭಾನುವಾರ ರಾತ್ರಿ ಅಡುಗೆ ಇಲ್ಲ. ಶುಕ್ರವಾರ ಸಂಜೆ ಆಫೀಸಲ್ಲಿ ‘ಬೈ’ ಅಂದರೆ ಸೋಮವಾರ ಬೆಳಿಗ್ಗೆ ‘ಹಾಯ್’ ಅನ್ನುವ ತನಕ ನನ್ನ ಬಾಯಿಂದ ಬರೋದು ‘ಒಂದು ಹಾಫ್ ಟೀ’ ಮಾತ್ರ. ಎಷ್ಟೋ ವಾರ ಹಾಗೇ ಕಳೆದಿವೆ.

ಕೆಲಸಕ್ಕೆ ಬಂದದ್ದು ಕ್ರಿಕೆಟ್. ಆದರೆ ಆಟ ಅಲ್ಲ. ನಾನು ಬೆಳಿಗ್ಗೆ ಮೈದಾನದ ಪಕ್ಕ ಸುಮ್ನೆ ನಿಂತಿದ್ದೆ. ಒಂದು ತಂಡಕ್ಕೆ ಒಬ್ಬ ಕಡಿಮೆ ಇದ್ದ. ‘ಗುರು, ಬರ್ತೀಯಾ?’ ಅಂದರು. ಈಗ ಶನಿವಾರ ರಾತ್ರಿ ಗ್ರೂಪಲ್ಲಿ ಹೆಸರು ಹಾಕಬೇಕು. ಹಾಕಿ ಬರದಿದ್ದರೆ ಬೈಗುಳ. ಆ ಬೈಗುಳ ಇದೆಯಲ್ಲ, ಅದು ಹಿತವಾಗಿರುತ್ತೆ. ನಾನು ಬರದಿದ್ದರೆ ಯಾರಿಗೋ ತೊಂದರೆ ಆಗುತ್ತೆ ಅಂತ ತಾನೇ ಅರ್ಥ.

ಹಳೇ ಬೇರು

ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ ಸ್ವಾಮಿ. ಮನೆ ತುಂಬ ಜನ. ಅಜ್ಜಿ, ದೊಡ್ಡಪ್ಪ, ಚಿಕ್ಕಪ್ಪ, ಹನ್ನೆರಡು ಮಕ್ಕಳು. ಒಂಟಿಯಾಗಿರೋಕೆ ಜಾಗ ಎಲ್ಲಿತ್ತು? ಈಗ ಮೂರು ಜನಕ್ಕೆ ಮೂರು ರೂಮು, ಮೂರು ಫೋನು. ಫೋನ್ ಎತ್ತಿಟ್ಟು ಅವಿಭಕ್ತ ಕುಟುಂಬಕ್ಕೆ ಮರಳಿ. ಮಂತ್ರಿ ಗಿಂತ್ರಿ ಏನೂ ಬೇಡ.

ಹುಬ್ಬಳ್ಳಿ ಸೊಸೆ

ಹಳೇ ಬೇರು ಸರ್, ನಿಮ್ಮ ಆ ಮನೆ ತುಂಬ ಜನಕ್ಕೆ ರೊಟ್ಟಿ ಬಡಿದವರನ್ನ ಕೇಳಿದ್ದೀರಾ?

ನಾನು ದೊಡ್ಡ ಕುಟುಂಬಕ್ಕೆ ಸೊಸೆಯಾಗಿ ಬಂದವಳು. ನನ್ನ ಜೀವನದ ಅತಿ ಒಂಟಿ ವರ್ಷಗಳು ಅವೇ. ಕೆಟ್ಟವರು ಯಾರೂ ಇರಲಿಲ್ಲ. ಆದರೆ ದಿನವಿಡೀ ನನ್ನ ಜೊತೆ ಆಡುವ ಮಾತು ಅಂದರೆ ‘ಸಾರು ಆಯ್ತೇನು’, ‘ಹಾಲು ಬಂತೇನು’, ‘ಇಸ್ತ್ರಿ ಬಟ್ಟೆ ಎಲ್ಲಿ’. ನೀನು ಹೇಗಿದ್ದೀಯಾ ಅಂತ ಕೇಳಿದ್ದು ಆಷಾಢದಲ್ಲಿ ತವರಿಗೆ ಹೋದಾಗ ನಮ್ಮವ್ವ. ಮೊದಲ ವರ್ಷದ ಆಷಾಢ ಹೊಸ ಮದುಮಗಳಿಗೆ ತವರಿನ ತಿಂಗಳು. ಎರಡನೇ ವರ್ಷದಿಂದ ಅದೂ ಇಲ್ಲ. ಅದಕ್ಕೇ ನನಗೆ ಕಷ್ಟದ ತಿಂಗಳು ಶ್ರಾವಣ. ಮನೆಯಲ್ಲಿ ಸಾಲು ಹಬ್ಬ, ನೆಂಟರು, ಮುತ್ತೈದೆಯರು. ಅಷ್ಟು ಜನರ ನಡುವೆ ಅಡುಗೆಮನೆಯಲ್ಲಿ ನಾನೊಬ್ಬಳೇ ಇರುವ ಹಾಗೆ ಅನ್ನಿಸುತ್ತಿತ್ತು.

ನನಗೆ ದಾರಿ ಮಾಡಿಕೊಟ್ಟದ್ದು ಸ್ವಸಹಾಯ ಸಂಘ. ಸಾಲಕ್ಕೆ ಅಂತ ಸೇರಿದ್ದು. ವಾರಕ್ಕೊಂದು ಸಭೆ, ಹೋಗಲೇಬೇಕು, ಕಂತು ಕಟ್ಟಬೇಕು. ‘ಗೆಳತಿಯರ ಜೊತೆ ಮಾತಾಡಿ ಬರ್ತೀನಿ’ ಅಂದಿದ್ದರೆ ಮನೆಯಲ್ಲಿ ಬಿಡುತ್ತಿದ್ದರಾ? ‘ಸಂಘದ ಕಂತು ಐತಿ’ ಅಂದರೆ ಯಾರೂ ಎದುರಾಡಲ್ಲ. ಹತ್ತು ನಿಮಿಷ ಲೆಕ್ಕ, ಮುಕ್ಕಾಲು ಗಂಟೆ ಹರಟೆ.

ಮನೋಮಿತ್ರ

ಆಪ್ತ ಸಮಾಲೋಚನೆ ನನ್ನ ಕೆಲಸ, ಅದಕ್ಕೇ ಒಂದು ಮಾತು ಸೇರಿಸುತ್ತೇನೆ. ಮೇಲಿನ ಇಬ್ಬರೂ ಹೇಳುತ್ತಿರುವುದು ಎರಡು ಬೇರೆ ಬೇರೆ ಕೊರತೆಗಳು. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ವೈಸ್ 1973ರಲ್ಲೇ ಇವನ್ನು ಬೇರ್ಪಡಿಸಿದ್ದರು. ಒಂದು, ಸೇರಿಕೊಳ್ಳಲು ಬಳಗ ಇಲ್ಲದಿರುವುದು. ಪಿಜಿ ಹುಡುಗನಿಗೆ ಇದ್ದದ್ದು ಅದು. ಇನ್ನೊಂದು, ಬಳಗ ಇದ್ದರೂ ಮನಸ್ಸು ಬಿಚ್ಚುವಷ್ಟು ಹತ್ತಿರದವರು ಒಬ್ಬರೂ ಇಲ್ಲದಿರುವುದು. ಹುಬ್ಬಳ್ಳಿಯವರದ್ದು ಅದು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಎರಡನೆಯವರನ್ನು ಹಿಡಿದು ದೊಡ್ಡ ಗುಂಪಿಗೆ ಸೇರಿಸಿದರೆ ಸಂಕಟ ಹೆಚ್ಚಾಗಬಹುದು.

ಜಾನ್ ಕಚೊಪ್ಪೊ ಎಂಬ ವಿಜ್ಞಾನಿ ಒಂಟಿತನವನ್ನು ಹಸಿವು, ಬಾಯಾರಿಕೆಗಳ ಸಾಲಿಗೆ ಸೇರಿಸುತ್ತಿದ್ದರು. ದೇಹ ‘ಜನ ಬೇಕು’ ಅಂತ ಎಚ್ಚರಿಸುವ ರೀತಿ ಅದು. ಆದರೆ ಒಂದು ತೊಡಕು ಇದೆ. ಹಸಿದವನಿಗೆ ಅನ್ನ ಕಂಡರೆ ಖುಷಿಯಾಗುತ್ತದೆ. ತುಂಬಾ ದಿನ ಒಂಟಿಯಾಗಿದ್ದವರಿಗೆ ಜನರನ್ನು ಕಂಡರೆ ಅನುಮಾನ ಬರುತ್ತದೆ. ಯಾರೋ ಮೆಸೇಜಿಗೆ ತಡವಾಗಿ ಉತ್ತರ ಕೊಟ್ಟರೆ ‘ನಾನು ಬೇಡವಾದೆ’ ಅಂತ ಲೆಕ್ಕ ಹಾಕುತ್ತಾರೆ. ಒಂಟಿತನ ಕಡಿಮೆ ಮಾಡುವ ಹಲವು ಪ್ರಯತ್ನಗಳನ್ನು ಒಟ್ಟುಗೂಡಿಸಿ ನೋಡಿದ 2011ರ ಒಂದು ವಿಶ್ಲೇಷಣೆಯಲ್ಲಿ, ಈ ಅನುಮಾನದ ಯೋಚನೆಯನ್ನು ತಿದ್ದುವ ವಿಧಾನವೇ ಉಳಿದವಕ್ಕಿಂತ ಹೆಚ್ಚು ಫಲ ಕೊಟ್ಟಿತ್ತು.

ಇನ್ನೊಂದು ಲೆಕ್ಕ. ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅವರ 2018ರ ಅಧ್ಯಯನದಂತೆ, ಮುಖ ಪರಿಚಯ ಒಂದು ಸಾಧಾರಣ ಗೆಳೆತನ ಆಗಲು ಜೊತೆಯಲ್ಲಿ ಸುಮಾರು 50 ಗಂಟೆ ಕಳೆಯಬೇಕು. ಗೆಳೆಯ ಅನ್ನಿಸಲು 90 ಗಂಟೆ. ಆಪ್ತನಾಗಲು 200ಕ್ಕಿಂತ ಹೆಚ್ಚು. ವಾರಕ್ಕೆ ಎರಡು ಗಂಟೆ ಸಿಕ್ಕರೆ 200 ಗಂಟೆಗೆ ಹತ್ತಿರ ಹತ್ತಿರ ಎರಡು ವರ್ಷ ಬೇಕು. ‘ಎರಡು ಸಲ ಹೋದೆ, ಯಾರೂ ಹತ್ತಿರ ಆಗಲಿಲ್ಲ’ ಅನ್ನುವವರಿಗೆ ನಾನು ಈ ಲೆಕ್ಕ ಹೇಳುತ್ತೇನೆ.

ಕೊನೆಗೌಡ, ತೀರ್ಥಹಳ್ಳಿ ಕಡೆ

ನಮ್ಮ ಕಷ್ಟದ ಕಾಲ ಕೇಳೋದೇ ಬೇಡ. ಜೂನ್‌ನಿಂದ ಸೆಪ್ಟೆಂಬರ್. ಆಗುಂಬೆಯಲ್ಲಿ ವರ್ಷಕ್ಕೆ 7 ಸಾವಿರ ಮಿಲಿಮೀಟರ್‌ಗೂ ಜಾಸ್ತಿ ಮಳೆ. ಪೇಟೆಯವರು ಅದರ ಫೋಟೋ ಹಾಕಿ ‘ಸ್ವರ್ಗ’ ಅಂತಾರೆ. ಮರ ಬಿದ್ದು ಲೈನ್ ಕಡಿದರೆ ವಾರಗಟ್ಟಲೆ ಕರೆಂಟಿಲ್ಲ. ಕರೆಂಟಿಲ್ಲದೆ ಟವರ್ ಸತ್ತರೆ ಫೋನೂ ಇಲ್ಲ. ನಮ್ಮದು ಒಂಟಿ ಮನೆಗಳ ಊರು. ಪಕ್ಕದ ಮನೆ ಅಂದರೆ ತೋಟ ದಾಟಿ, ಹಳ್ಳ ದಾಟಿ ಅರ್ಧ ಮೈಲಿ. ಮಕ್ಕಳೆಲ್ಲ ಬೆಂಗಳೂರು. ಮನೆಯಲ್ಲಿ ಉಳಿದಿರೋದು ಅಪ್ಪ, ಅಮ್ಮ, ಒಂದು ನಾಯಿ.

ಹಳೇ ಬೇರು ಅವರು ಅವಿಭಕ್ತ ಕುಟುಂಬ ಅಂದರು. ನನ್ನ ಲೆಕ್ಕದಲ್ಲಿ ಹೋದದ್ದು ಅದಲ್ಲ, ಮುಯ್ಯಾಳು. ನಿಮ್ಮ ಗದ್ದೆ ನಾಟಿಗೆ ನಾವು, ನಮ್ಮ ನಾಟಿಗೆ ನೀವು. ದುಡ್ಡಿಲ್ಲ, ಆಳಿಗೆ ಆಳು. ಅಡಿಕೆ ಕೊಯ್ಲಿನ ಕಾಲದಲ್ಲಿ ಇನ್ನೂ ಚೆನ್ನಾಗಿತ್ತು. ಹಗಲು ಕೊನೆ, ಅಂದರೆ ಅಡಿಕೆ ಗೊಂಚಲು, ಇಳಿಸೋದು. ರಾತ್ರಿ ಊಟ ಆದ ಮೇಲೆ ಅಕ್ಕಪಕ್ಕದವರೆಲ್ಲ ಮೆಟ್ಟುಗತ್ತಿ ಹಿಡಿದು ಒಂದೇ ಅಂಗಳದಲ್ಲಿ ಸಾಲಾಗಿ ಕೂರೋದು. ಕೈ ಅಡಿಕೆ ಸುಲೀತಾ ಇರುತ್ತೆ, ಬಾಯಿ ಊರಿನ ಸುದ್ದಿ ಸುಲೀತಾ ಇರುತ್ತೆ. ಕೈಯಲ್ಲಿ ಕೆಲಸ ಇದ್ದದ್ದರಿಂದ ಮಾತಾಡದೆ ಕೂತರೂ ಯಾರಿಗೂ ಮುಜುಗರ ಇರಲಿಲ್ಲ. ಮಾತು ಬಾರದವನೂ ಬರುತ್ತಿದ್ದ. ಗಂಡ ಸತ್ತ ಹೆಂಗಸೂ ಬರುತ್ತಿದ್ದಳು. ಯಾಕೆ ಬಂದೆ ಅಂತ ಯಾರೂ ಕೇಳುವ ಹಾಗಿಲ್ಲ, ಅಡಿಕೆ ಸುಲಿಯೋಕೆ.

ಈಗ ಸುಲಿಯುವ ಯಂತ್ರ ಬಂದಿದೆ. ಯಂತ್ರವನ್ನ ಬೈಯಲಾರೆ, ನಾನೂ ತಂದಿದ್ದೀನಿ. ಸೊಂಟ ಉಳೀತು. ಆದರೆ ರಾತ್ರಿ ಅಂಗಳದಲ್ಲಿ ಅದರ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ನಾವು ಮಾಡಿಕೊಂಡಿರುವ ವ್ಯವಸ್ಥೆ ಹೇಳ್ತೀನಿ. ಒಂದು, ಮಳೆಗಾಲದ ತಾಳಮದ್ದಳೆ. ಯಕ್ಷಗಾನದ ಮೇಳಗಳು ಮಳೆಗೆ ತಿರುಗಾಟ ನಿಲ್ಲಿಸುತ್ತವೆ. ವೇಷ ಬೇಡ, ರಂಗಸ್ಥಳ ಬೇಡ. ಭಾಗವತರು, ಮದ್ದಳೆ, ಪಾತ್ರದ ಮಾತಾಡೋ ನಾಲ್ಕು ಅರ್ಥಧಾರಿಗಳು ಇದ್ದರೆ ಒಬ್ಬರ ಮನೆ ಜಗಲಿ ಸಾಕು. ಪಾಳಿ ಪ್ರಕಾರ ಮನೆ ಬದಲಾಗುತ್ತೆ. ನಮ್ಮ ಪಾಳಿ ಬಂದಾಗ ನಮ್ಮಮ್ಮ ಎರಡು ದಿನ ಮುಂಚಿನಿಂದ ಓಡಾಡ್ತಾರೆ. ಅವರಿಗೆ ಅರ್ಥಗಾರಿಕೆ ಅಷ್ಟಕ್ಕಷ್ಟೇ, ಕಷಾಯ ಕೊಡೋದೇ ಸಂಭ್ರಮ. ಎರಡು, ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವ ಕೆಲಸ. ಕೊಳೆರೋಗಕ್ಕೆ ಮಳೆ ಹೊಳವಾದ ದಿನ ನೋಡಿ ಹೊಡೆಯಲೇಬೇಕು, ಆಳು ಸಿಗಲ್ಲ. ಅದಕ್ಕೆ ಐದಾರು ಮನೆಯವರು ಮತ್ತೆ ಮುಯ್ಯಿ ಶುರು ಮಾಡಿದ್ದೀವಿ. ಒಂಟಿತನಕ್ಕೆ ಅಂತ ಮಾಡಿದ್ದಲ್ಲ. ಆದರೆ ತೋಟದಲ್ಲಿ ಒಟ್ಟಿಗೆ ತಿಂಡಿ ತಿಂದ ದಿನ ಮನೆಗೆ ಬರೋವಾಗ ಮನಸ್ಸು ಬೇರೆನೇ ಇರುತ್ತೆ.

ಹಳೇ ಬೇರು

ಮುಯ್ಯಾಳು ಮಾತು ಒಪ್ಪಿದೆ. ನಮ್ಮ ಕಡೆಯೂ ಇತ್ತು. ಹುಬ್ಬಳ್ಳಿ ತಂಗಿ ಹೇಳಿದ್ದಕ್ಕೂ ಉತ್ತರ ಇಲ್ಲ. ಫೋನ್ ವಿಷಯ ಮಾತ್ರ ಬಿಟ್ಟುಕೊಡಲ್ಲ.

ಕಬ್ಬಿನ ಗದ್ದೆ, ಮಂಡ್ಯ

ಸುಮ್ನೆ ಒಂದು ಹೆಮ್ಮೆಯ ವಿಷಯ. ಒಂಟಿತನ ಅನ್ನೋದು ಸಾರ್ವಜನಿಕ ಆರೋಗ್ಯದ ಸಮಸ್ಯೆ ಅಂತ 2023ರ ಮೇ ತಿಂಗಳಲ್ಲಿ ಅಮೆರಿಕಕ್ಕೆ ಎಚ್ಚರಿಕೆ ಕೊಟ್ಟ ಆಗಿನ ಸರ್ಜನ್ ಜನರಲ್ (ಅಲ್ಲಿನ ಸರ್ಕಾರದ ಮುಖ್ಯ ಆರೋಗ್ಯಾಧಿಕಾರಿ) ವಿವೇಕ್ ಮೂರ್ತಿ ನಮ್ಮ ಮಂಡ್ಯ ಮೂಲದವರು. ಅವರ ತಂದೆಯ ಊರು ಹಲ್ಲೇಗೆರೆ. ಜನರ ಒಡನಾಟ ಇಲ್ಲದಿರುವುದು ದಿನಕ್ಕೆ 15 ಸಿಗರೇಟು ಸೇದುವುದರಷ್ಟೇ ಆಯುಷ್ಯಕ್ಕೆ ಅಪಾಯ ಅಂತ ಆ ವರದಿಯಲ್ಲಿತ್ತು. ಇದನ್ನ ಓದಿ ನಮ್ಮ ಅಂಗಡಿ ಕಟ್ಟೆಯ ಗೆಳೆಯ ಹೇಳಿದ, ‘ಹಂಗಾದ್ರೆ ನಾನು ಜನರ ಜೊತೆ ನಿಂತು ಸೇದ್ತೀನಿ, ಸರಿಹೋಯ್ತು’. ಅವನಿಗೆ ಯಾವ ವರದಿಯೂ ನಾಟಲ್ಲ ಬಿಡಿ.

ನಿವೃತ್ತ ಮೇಷ್ಟ್ರು, ಮೈಸೂರು

ನನ್ನ ಕಷ್ಟದ ಸಮಯ ಜನವರಿ ಎರಡನೇ ವಾರದಿಂದ. ಮಗ, ಸೊಸೆ, ಮೊಮ್ಮಗಳು ಕ್ರಿಸ್‌ಮಸ್ ರಜೆಗೆ ಬರುತ್ತಾರೆ. ಮನೆ ಗಿಜಿಗಿಜಿ ಅನ್ನುತ್ತದೆ. ಸಂಕ್ರಾಂತಿಗೆ ಮುಂಚೆ ವಿಮಾನ ಹತ್ತುತ್ತಾರೆ. ಹೆಂಡತಿ ಇದ್ದಾಗ ಇಬ್ಬರೂ ಸೇರಿ ಬೇಜಾರು ಮಾಡಿಕೊಳ್ಳುತ್ತಿದ್ದೆವು. ಈಗ ಅದನ್ನೂ ಒಬ್ಬನೇ ಮಾಡಬೇಕು.

ಬೆಳಗಿನ ಹೊತ್ತು ಪರವಾಗಿಲ್ಲ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವಾಕಿಂಗ್ ಬಳಗ ಇದೆ. ಅಲ್ಲಿ ಯಾರ ಮನೆ ಕಥೆಯೂ ಯಾರಿಗೂ ಪೂರ್ತಿ ಗೊತ್ತಿಲ್ಲ. ಆದರೆ ಎರಡು ದಿನ ಕಾಣದಿದ್ದರೆ ಮೂರನೇ ದಿನ ಫೋನ್ ಬರುತ್ತದೆ. ಕಷ್ಟ ಮಧ್ಯಾಹ್ನದ್ದು. ಊಟವಾದ ಮೇಲೆ ಸಂಜೆ ಕಾಫಿಯ ತನಕ ಗಡಿಯಾರ ಓಡುವುದೇ ಇಲ್ಲ.

ಬೀದಿಯ ಟೈಲರ್ ಒಬ್ಬರು ಮಗಳಿಗೆ ಗಣಿತ ಹೇಳಿಕೊಡಿ ಅಂದರು. ಎಸ್‌ಎಸ್‌ಎಲ್‌ಸಿ. ಒಬ್ಬಳು ಬಂದಳು, ಆಮೇಲೆ ಅವಳ ಗೆಳತಿಯರು ಬಂದರು. ಜನವರಿಯಿಂದ ಪರೀಕ್ಷೆಯ ತನಕ ಈಗ ಮನೆಯಲ್ಲಿ ಪಾಠ. ಹಣ ತೆಗೆದುಕೊಳ್ಳುವುದಿಲ್ಲ ಅಂದಾಗ ಅವರ ಅಮ್ಮಂದಿರಿಗೆ ಸಂಕೋಚ. ಅದಕ್ಕೆ ತರಕಾರಿ, ಹುಳಿಪುಡಿ ಕಳಿಸುತ್ತಾರೆ. ಆ ವಿನಿಮಯ ಬೇಕು ಅನ್ನಿಸುತ್ತದೆ. ಬರೀ ದಾನವಾದರೆ ಎರಡೂ ಕಡೆ ಬಿಗಿ.

ಮಂಜಿನ ಮನೆ, ಮಿನಿಯಾಪೊಲಿಸ್

ಮೇಷ್ಟ್ರೇ, ಆ ವಿಮಾನ ಹತ್ತುವ ಗುಂಪಿನವಳು ನಾನು. ಆ ಕಡೆ ಇಳಿದ ಮೇಲೆ ಏನಾಗುತ್ತದೆ ಅಂತ ಹೇಳುತ್ತೇನೆ.

ಇಲ್ಲಿ ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ. ಹೊರಗೆ ಹಿಮ. ನೆರೆಮನೆಯವರ ಮುಖ ನವೆಂಬರ್‌ನಲ್ಲಿ ನೋಡಿದರೆ ಮತ್ತೆ ಏಪ್ರಿಲ್‌ನಲ್ಲೇ. ಮೊದಲ ಚಳಿಗಾಲದಲ್ಲಿ ನನಗೆ ಊರಿನ ನೆನಪು ಅಂದುಕೊಂಡಿದ್ದೆ. ಮಾರ್ಚ್ ಆದರೂ ಹಾಸಿಗೆ ಬಿಟ್ಟು ಏಳಲು ಆಗಲಿಲ್ಲ. ವೈದ್ಯರು ಇದು ಬೆಳಕು ಕಡಿಮೆಯಾದಾಗ ಬರುವ ಖಿನ್ನತೆ, ಬೆಳಿಗ್ಗೆ ಪ್ರಖರ ದೀಪದ ಮುಂದೆ ಕೂರಿ ಅಂದರು. ಅದಕ್ಕೆ 1984ರಿಂದಲೇ ಒಂದು ಹೆಸರೂ ಇದೆಯಂತೆ. ದೀಪ ಕೆಲಸ ಮಾಡಿತು. ಆದರೆ ದೀಪದ ಮುಂದೆ ಕೂತವಳು ಒಬ್ಬಳೇ ಅನ್ನುವುದು ಬೇರೆ ಸಮಸ್ಯೆ.

ಕನ್ನಡ ಕೂಟ ಇದೆ, ಒಳ್ಳೆಯ ಕೆಲಸ ಮಾಡುತ್ತಾರೆ. ಯುಗಾದಿ, ಗಣೇಶ, ರಾಜ್ಯೋತ್ಸವ. ರೇಷ್ಮೆ ಸೀರೆ, ಬಿಸಿಬೇಳೆ ಭಾತ್, ನೂರಾರು ಜನ. ‘ಹೇಗಿದ್ದೀರಾ’, ‘ಚೆನ್ನಾಗಿದ್ದೀವಿ’, ‘ಒಂದಿನ ಮನೆಗೆ ಬನ್ನಿ’. ಆ ಒಂದಿನ ಬರುವುದೇ ಇಲ್ಲ. ಪಾರ್ಕಿಂಗ್ ಜಾಗದಲ್ಲಿ ಕಾರು ಹತ್ತುವಾಗ ಬರುವಾಗಿದ್ದಕ್ಕಿಂತ ಜಾಸ್ತಿ ಖಾಲಿ ಅನ್ನಿಸುತ್ತಿತ್ತು. ತುಂಗಾತೀರ ಹೇಳಿದ ಹಬ್ಬದ ಮರುವಾರ ನಮಗೂ ಇದೆ.

ಬದಲಾದದ್ದು ನಾನು ಪ್ರೇಕ್ಷಕಿ ಆಗುವುದನ್ನು ಬಿಟ್ಟ ಮೇಲೆ. ಮಕ್ಕಳ ಕನ್ನಡ ತರಗತಿಗೆ ಭಾನುವಾರ ಯಾರಾದರೂ ಕುರ್ಚಿ ಜೋಡಿಸಬೇಕಿತ್ತು, ಟೀ ಮಾಡಬೇಕಿತ್ತು. ಒಪ್ಪಿಕೊಂಡೆ. ಪಾತ್ರೆ ತೊಳೆಯುವಾಗ ಸಿಕ್ಕ ಇಬ್ಬರು ಈಗ ನನ್ನ ಆಪ್ತರು. ವೇದಿಕೆ ಮುಂದೆ ಸಿಗದ ಗೆಳೆತನ ಸಿಂಕಿನ ಹತ್ತಿರ ಸಿಕ್ಕಿತು. ಕೊನೆಗೌಡರ ಅಡಿಕೆ ಅಂಗಳದ ಕಥೆ ಓದಿ, ಇದೂ ಅದೇ ಅಲ್ವಾ ಅನ್ನಿಸಿತು.

ಹಳೇ ಬೇರು ಅವರಿಗೆ: ನನ್ನ ತಂಗಿ ಮತ್ತು ನಾನು ಶನಿವಾರ ವಿಡಿಯೋ ಕಾಲ್ ಹಚ್ಚಿಟ್ಟು ಅಡುಗೆ ಮಾಡುತ್ತೇವೆ. ಇಬ್ಬರೂ ಕ್ಯಾಮೆರಾ ನೋಡುವುದಿಲ್ಲ. ಅವಳು ಅಲ್ಲಿ ರಾತ್ರಿಯ ಸಾರಿಗೆ ಒಗ್ಗರಣೆ ಹಾಕುವ ಸದ್ದು ಇಲ್ಲಿ ಬೆಳಗಿನ ತಿಂಡಿ ಹೊತ್ತಿಗೆ ಕೇಳಿಸುತ್ತದೆ. ಈ ಫೋನನ್ನು ಎತ್ತಿಡು ಅನ್ನಬೇಡಿ.

ಹಳೇ ಬೇರು

ಒಗ್ಗರಣೆ ಫೋನಿಗೆ ವಿನಾಯಿತಿ ಕೊಟ್ಟಿದ್ದೇನೆ.

ಕೆಂಪು ಬಸ್ಸು

ನಮ್ಮಮ್ಮನ ಕಥೆ ಚಿಕ್ಕದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡು ಉಳಿಯಿತಲ್ಲ, ಅವತ್ತಿನಿಂದ ಅಮ್ಮ ಬೇರೆ ಮನುಷ್ಯಳು. ಅದಕ್ಕೂ ಮುಂಚೆ ಪಕ್ಕದೂರಿನ ಅಕ್ಕನ ಮನೆಗೆ ಹೋಗಬೇಕಾದರೂ ಅಪ್ಪನ ಹತ್ತಿರ, ಆಮೇಲೆ ನನ್ನ ಹತ್ತಿರ ದುಡ್ಡು ಕೇಳಬೇಕಿತ್ತು. ಕೇಳೋಕೆ ಮನಸ್ಸಿಲ್ಲದೆ ಮನೆಯಲ್ಲೇ ಇರುತ್ತಿದ್ದರು. ಈಗ ಬೀದಿಯ ಹೆಂಗಸರ ಜೊತೆ ಧರ್ಮಸ್ಥಳ, ಸವದತ್ತಿ, ಮಂತ್ರಾಲಯದ ಗಡಿವರೆಗೂ ಯೋಜನೆ ಹಾಕ್ತಾರೆ. ಬಸ್ಸಲ್ಲಿ ನೂಕುನುಗ್ಗಲು, ಕಂಡಕ್ಟರ್ ಜೊತೆ ಜಗಳ, ಸೀಟಿಗೆ ಟವೆಲ್. ಯೋಜನೆಯ ಖರ್ಚಿನ ಬಗ್ಗೆ ಯಾರು ಏನಾದರೂ ವಾದ ಮಾಡಲಿ, ಅಮ್ಮ ಒಬ್ಬರೇ ಮನೆ ಕಿಟಕಿ ಹತ್ತಿರ ಕೂರೋದು ತಪ್ಪಿದೆ.

ಹೆಸರು ಬೇಡ

ಎಲ್ಲಾ ಓದಿದೆ. ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ನನಗೆ ಕರೆಯುವವರು ಇದ್ದಾರೆ. ಕರೆದಾಗ ಏನೋ ನೆಪ ಹೇಳಿ ತಪ್ಪಿಸಿಕೊಳ್ಳುತ್ತೇನೆ. ಮುಂಚೆ ಇಷ್ಟವಾಗುತ್ತಿದ್ದ ಯಾವುದೂ ಈಗ ಬೇಡ. ನಿದ್ದೆ ಸರಿಯಿಲ್ಲ. ತಿಂಗಳುಗಳಿಂದ ಹೀಗೇ ಇದೆ. ಕ್ರಿಕೆಟ್ ತಂಡ, ಸಂಘ ಎಲ್ಲಾ ನನಗೆ ಬೆಟ್ಟ ಹತ್ತಿದ ಹಾಗೆ.

ಮನೋಮಿತ್ರ

ಬರೆದದ್ದು ಒಳ್ಳೆಯದಾಯಿತು. ನೀವು ಹೇಳುತ್ತಿರುವುದು ಒಂಟಿತನಕ್ಕಿಂತ ಹೆಚ್ಚಿನದು ಇರಬಹುದು. ಆಸಕ್ತಿ ಹೋಗುವುದು, ನಿದ್ದೆ ಕೆಡುವುದು ಎರಡು ವಾರ ದಾಟಿದರೆ ಖಿನ್ನತೆ ಇದೆಯಾ ಅಂತ ವೈದ್ಯರು ನೋಡಬೇಕು. ಅದಕ್ಕೆ ಚಿಕಿತ್ಸೆ ಇದೆ. ಈಗ ಜನರ ಜೊತೆ ಬೆರೆಯಲು ಒತ್ತಾಯ ಮಾಡಿಕೊಳ್ಳಬೇಡಿ, ಮೊದಲು ಇದನ್ನು ನೋಡಿಕೊಳ್ಳಿ. ಟೆಲಿ ಮಾನಸ್ ಸಹಾಯವಾಣಿ 14416. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸೇವೆ, ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಬದುಕೇ ಬೇಡ ಅನ್ನುವ ಯೋಚನೆ ಬಂದರೆ ಈ ರಾತ್ರಿಯೇ ಕರೆ ಮಾಡಿ, ಮನೆಯ ಒಬ್ಬರಿಗೆ ಹೇಳಿ.

ಹಿರಿಯರಿಗೆ ಬೇರೆ ಸಹಾಯವಾಣಿಯೂ ಇದೆ, 14567. ಮೇಷ್ಟ್ರ ವಯಸ್ಸಿನವರು ಬರೆದಿಟ್ಟುಕೊಳ್ಳಿ.

ಹೆಸರು ಬೇಡ

ಮಾತಾಡಿದೆ. ಜಿಲ್ಲಾ ಆಸ್ಪತ್ರೆಗೆ ಹೋಗಲು ಹೇಳಿದ್ದಾರೆ. ಸೋಮವಾರ ಹೋಗುತ್ತೇನೆ.

ಪಿಜಿ ಹುಡುಗ

ಸೋಮವಾರ ಸಂಜೆ ಇಲ್ಲಿ ಬಂದು ಒಂದು ಸಾಲು ಹಾಕಿ ಬ್ರೋ. ಹಾಕದಿದ್ದರೆ ಬೈಗುಳ.

ಅಮ್ಮನ ಕೋಣೆ

ಹೊರಗೆ ಹೋಗೋಕೆ ಆಗದವರ ಬಗ್ಗೆ ಯಾರೂ ಹೇಳಲಿಲ್ಲ. ಅಮ್ಮನಿಗೆ ಪಾರ್ಶ್ವವಾಯು. ನೋಡಿಕೊಳ್ಳುವುದು ನಾನೊಬ್ಬಳೇ. ಮೊದಲು ನೋಡಲು ಬಂದ ನೆಂಟರು ಈಗ ಬರಲ್ಲ. ಬಂದವರೂ ಕುರ್ಚಿಯಲ್ಲಿ ಕೂತು ‘ಪಾಪ’ ಅಂದು, ಕಾಫಿ ಕುಡಿದು ಹೋಗುತ್ತಿದ್ದರು. ಅವರ ಲೋಟ ತೊಳೆಯೋದೂ ನನ್ನ ಪಾಲಿಗೆ.

ಈಗ ನಾನೇ ಬಾಯಿಬಿಟ್ಟು ಕೇಳ್ತೀನಿ. ‘ಏನಾದರೂ ಬೇಕಾ’ ಅಂದವರಿಗೆ ‘ಗುರುವಾರ ನಾಲ್ಕರಿಂದ ಐದರ ತನಕ ಅಮ್ಮನ ಹತ್ತಿರ ಕೂರ್ತೀರಾ’ ಅಂತ. ಎಷ್ಟೋ ಜನ ಮಾಯವಾದರು. ಮೇಲಿನ ಮನೆಯ ಕಾಲೇಜು ಹುಡುಗಿ ಮಾತ್ರ ಹೂಂ ಅಂದಳು. ಆ ಒಂದು ಗಂಟೆ ನಾನು ತರಕಾರಿ ಮಾರ್ಕೆಟ್ಟಿಗೆ ಹೋಗ್ತೀನಿ. ಕೊತ್ತಂಬರಿಗೆ ಚೌಕಾಸಿ ಮಾಡುವಾಗ ನಾನೂ ಊರಲ್ಲಿದ್ದೀನಿ ಅನ್ನಿಸುತ್ತೆ.

ತುಂಗಾತೀರ, ಬೆಂಗಳೂರು

ಇಷ್ಟು ಉತ್ತರ ನಿರೀಕ್ಷಿಸಿರಲಿಲ್ಲ. ಕ್ಯಾಲೆಂಡರ್ ತೆಗೆದು ನವೆಂಬರ್, ಡಿಸೆಂಬರ್, ಮೇ ತಿಂಗಳಿಗೆ ಗುರುತು ಹಾಕಿದ್ದೇನೆ. ಕಬ್ಬನ್ ಪಾರ್ಕಿನಲ್ಲಿ ಶನಿವಾರ ಬೆಳಿಗ್ಗೆ ಜನ ಚಾಪೆ ಹಾಸಿಕೊಂಡು ಸುಮ್ನೆ ಓದುತ್ತಾ ಕೂರುತ್ತಾರಲ್ಲ, 2023ರಲ್ಲಿ ಶುರುವಾದದ್ದು, ಅಲ್ಲಿಗೆ ಹೋಗಬೇಕು ಅಂತಿದ್ದೇನೆ. ಮಾತಾಡಲೇಬೇಕು ಅನ್ನುವ ಒತ್ತಡ ಇಲ್ಲ. ಆದರೆ ಬರೀ ಓದಿ ಎದ್ದು ಬಂದರೆ 50 ಗಂಟೆಯ ಲೆಕ್ಕಕ್ಕೆ ಸೇರುತ್ತಾ ಮನೋಮಿತ್ರ?

ಮನೋಮಿತ್ರ

ಅರ್ಧ ಸೇರುತ್ತದೆ. ಎದ್ದ ಮೇಲೆ ಪಕ್ಕದವರ ಜೊತೆ ಕಾಫಿ ಕುಡಿದರೆ ಪೂರ್ತಿ.

ವರ್ಗಾವಣೆ ಹೆಂಡತಿ, ದಾವಣಗೆರೆ

ನನಗೆ ಆ ಲೆಕ್ಕ ಓದಿಯೇ ಗಾಬರಿಯಾಯಿತು. ಗಂಡನದು ಬ್ಯಾಂಕ್ ಕೆಲಸ, ಮೂರು ವರ್ಷಕ್ಕೊಮ್ಮೆ ವರ್ಗಾವಣೆ. 200 ಗಂಟೆ ತುಂಬುವಷ್ಟರಲ್ಲಿ ಲಾರಿ ಬಂದು ನಿಂತಿರುತ್ತದೆ. ಕಳೆದ ತಿಂಗಳು ಇಲ್ಲಿಗೆ ಬಂದೆವು. ಯಾರ ಮನೆ ಬಾಗಿಲು ಯಾವ ನೆಪದಲ್ಲಿ ತಟ್ಟಲಿ?

ನಿವೃತ್ತ ಮೇಷ್ಟ್ರು, ಮೈಸೂರು

ಹೊಸದಾಗಿ ಏನೂ ಶುರು ಮಾಡಬೇಡಿ. ಈಗಾಗಲೇ ನಡೆಯುತ್ತಿರುವುದಕ್ಕೆ ಸೇರಿ. ಬಡಾವಣೆಯ ಭಜನಾ ಮಂಡಳಿ, ಗ್ರಂಥಾಲಯ, ಮಕ್ಕಳ ಶಾಲೆ, ಯಾವುದಾದರೂ. ಹಳೆಯ ಊರಿನ ಒಬ್ಬ ಗೆಳತಿಗೆ ವಾರದ ಫೋನ್ ಬಿಡಬೇಡಿ. ಆ 200 ಗಂಟೆ ಲಾರಿ ಹತ್ತಿದರೆ ಕಳೆದುಹೋಗುವುದಿಲ್ಲ.

ಹುಬ್ಬಳ್ಳಿ ಸೊಸೆ

ನೆಪ ನಾನು ಹೇಳ್ತೀನಿ. ಪಕ್ಕದ ಮನೆಗೆ ಹೋಗಿ ಮೊಸರಿಗೆ ಹೆಪ್ಪು ಕೇಳಿ. ಸಕ್ಕರೆ ಕೇಳಬೇಡಿ, ಅದು ಅಂಗಡಿಯಲ್ಲಿ ಸಿಗುತ್ತೆ. ಹೆಪ್ಪು ಕೇಳಿದರೆ ಯಾರೂ ಇಲ್ಲ ಅನ್ನಲ್ಲ. ಮರುದಿನ ಬಟ್ಟಲು ವಾಪಸ್ ಕೊಡೋಕೆ ಹೋಗಲೇಬೇಕು, ಖಾಲಿ ಬಟ್ಟಲು ಕೊಡೋ ಹಾಗಿಲ್ಲ, ಏನಾದರೂ ಹಾಕಿ ಕೊಡಬೇಕು. ಆಮೇಲೆ ಅವರು ನಿಮ್ಮ ಬಟ್ಟಲು ಕೊಡೋಕೆ ಬರಬೇಕು.

ವರ್ಗಾವಣೆ ಹೆಂಡತಿ, ದಾವಣಗೆರೆ

ಮನೆಯಲ್ಲಿ ಮೊಸರು ಇದೆ. ಆದರೂ ಸಂಜೆ ಹೋಗಿ ಕೇಳ್ತೀನಿ. ಬಟ್ಟಲು ಸ್ವಲ್ಪ ದೊಡ್ಡದೇ ತಗೊಂಡು ಹೋಗಲಾ?